ಬೇರಿನ ಪೊರೆ, ಕೊಳವೆಯ ಪೊರೆ: ಮಲಾಡ್ ಖಾರಿಯ ನಿದರ್ಶನದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು

ಇಂಗ್ಲಿಷಿನ ‘ಬಯೋಫಿಲ್ಮ್’ ಎಂಬ ಪಾರಿಭಾಷಿಕ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂಬ ಪ್ರಶ್ನೆ ವಿಜ್ಞಾನ ಪರಿಭಾಷೆಯ ಕೆಲಸಕ್ಕೆ ಕೈಹಾಕಿದವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವಂಥದು. ‘ಜೈವಿಕ ಪದರ’, ‘ಜೀವಿಪಟಲ’, ‘ಜೈವಿಕ ಪೊರೆ’ ಎಂಬ ರೂಪಗಳು ನಮ್ಮ ಮುಂದಿವೆ. ಆಡುನುಡಿಯಲ್ಲಿಯೂ ಇದಕ್ಕೆ ಹತ್ತಿರದ ಮಾತುಗಳಿಗೆ ಬರವಿಲ್ಲ. ಬಾವಿಯ ಕಟ್ಟೆಯ ಮೇಲಿನದು ಹಾವಸೆ, ಕಲ್ಯಾಣಿಯ ಮೆಟ್ಟಿಲಿನದು ಪಾಚಿ, ಬಚ್ಚಲ ಮೋರಿಯದು ಲೋಳೆ. ಹಲ್ಲಿನ ಮೇಲೆ ಕಟ್ಟುವುದನ್ನೂ ಜನ ಪಾಚಿಯೆಂದೇ ಕರೆಯುತ್ತಾರೆ. ಆದರೆ ಇವೆಲ್ಲವೂ ಉಜ್ಜಿ ತೆಗೆಯಬೇಕಾದ ಕೊಳೆಯನ್ನು ಸೂಚಿಸುವ ಮಾತುಗಳು. ನಾವು ಈ ಲೇಖನದಲ್ಲಿ ‘ಪೊರೆ’ ಎಂಬುದನ್ನೇ ಬಳಸುತ್ತೇವೆ. ಹಳಗನ್ನಡದಲ್ಲಿ ಈ ಉಚ್ಚಾರಣೆಯ ಎರಡು ಮಾತುಗಳಿವೆ: ನಾಮಪದವಾದ ‘ಪೊರೆ’ಗೆ ಪದರ, ಮಡಿಕೆ, ಹಾವು ಕಳಚುವ ಚರ್ಮ ಎಂಬ ಅರ್ಥಗಳು, ಕ್ರಿಯಾಪದವಾದ ‘ಪೊರೆ’ಗೆ ಸಲಹು, ಕಾಪಾಡು ಎಂಬ ಅರ್ಥ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಅವು ಬೇರೆ ಬೇರೆ ಮಾತುಗಳೇ. ಆದರೂ ಈ ಧ್ವನಿಸಾಮ್ಯ ನಮಗೆ ಉಪಯುಕ್ತವಾಗಿ ಕಂಡಿದೆ. ಏಕೆಂದರೆ ಇಲ್ಲಿ ಹೇಳಹೊರಟಿರುವ ಪದರವು ಸಲಹುವ ಪದರವೂ ಹೌದು, ಕೊರೆದು ಕೆಡಹುವ ಪದರವೂ ಹೌದು. ಯಾವಾಗ ಯಾವುದು ಎಂಬುದನ್ನು ನಿರ್ಧರಿಸುವುದು ಸೂಕ್ಷ್ಮಜೀವಿಯ ಜಾತಿಗಿಂತ ಹೆಚ್ಚಾಗಿ ಅದು ಅಂಟಿಕೊಂಡ ನೆಲೆ ಎಂಬುದೇ ನಮ್ಮ ವಾದ.

ಮಧ್ಯಕಾಲೀನ ಸಾಹಿತ್ಯವನ್ನು ಓದಿಕೊಂಡು ಬಂದ ನಾವು ಜೀವವಿಜ್ಞಾನದ ವಿಷಯಕ್ಕೆ ಕೈಹಾಕಿರುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಪರಿಭಾಷೆಯ ದಾರಿಯಿಂದ ಹೊರಟವರು ವಸ್ತುವಿನ ಒಳಕ್ಕೇ ಹೋಗಬೇಕಾಯಿತು ಎಂಬುದಷ್ಟೇ ನಮ್ಮ ಸಮಾಧಾನ. ನಿದರ್ಶನಕ್ಕಾಗಿ ನಾವು ಆರಿಸಿಕೊಂಡಿರುವುದು ಮುಂಬಯಿಯ ಪಶ್ಚಿಮ ಉಪನಗರವಾದ ಮಲಾಡ್. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ವಲಸೆ ಹೋದ ಕನ್ನಡಿಗರು ಅಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದ್ದಾರೆ. ಆದರೆ ಆಯ್ಕೆಗೆ ಕಾರಣ ಅದಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಗಿಡದ ಬೇರಿನ ಮೇಲೆ, ಮನುಷ್ಯ ಕಟ್ಟಿದ ಕೊಳವೆಯಲ್ಲಿ, ಮನುಷ್ಯ ಕಡೆದ ಬಂಡೆಯ ಮೇಲೆ ಕಟ್ಟುವ ಪೊರೆಗಳನ್ನು ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ನೋಡಬಹುದಾದ ಸ್ಥಳ ಅದು.

ಮಲಾಡಿನ ಪಶ್ಚಿಮ ಭಾಗದಲ್ಲಿ ಸಮುದ್ರದ ನೀರು ನೆಲದೊಳಕ್ಕೆ ಚಾಚಿಕೊಂಡಿರುವ ಕವಲನ್ನು ಮಲಾಡ್ ಖಾರಿ ಎನ್ನುತ್ತಾರೆ. ಒಂದು ಕಡೆ ವೆರ್ಸೋವಾ, ಇನ್ನೊಂದು ಕಡೆ ಮಢ್. ಇವುಗಳ ನಡುವೆ ಖಾರಿ ಅರಬ್ಬೀ ಸಮುದ್ರಕ್ಕೆ ತೆರೆದುಕೊಳ್ಳುತ್ತದೆ. ಓಶಿವಾರಾ ನದಿ ಬಂದು ಸೇರುವುದು ಇದಕ್ಕೇ. ಉತ್ತರದಲ್ಲಿ ಮನೋರಿ ಖಾರಿ. ಮಾರ್ವೆಯಿಂದ ಮನೋರಿಗೆ ದೋಣಿಯಲ್ಲಿ ದಾಟುವವರು ಎರಡು ದಡಗಳಲ್ಲಿಯೂ ಕಾಣುವುದು ನಮ್ಮ ಕರಾವಳಿಯವರು ಕಾಂಡ್ಲ ಎನ್ನುವ ಉಪ್ಪುನೀರಿನ ಕಾಡನ್ನು. ಇಲ್ಲಿ ಹೆಚ್ಚಾಗಿರುವ ಮರ ಅವಿಸೆನ್ನಿಯ ಮರೀನ. ಮರಾಠಿಯಲ್ಲಿ ಅದರ ಹೆಸರು ತಿವರ. ನೀರು ಇಳಿದಾಗ ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಸಾವಿರಾರು ಉಸಿರುಬೇರುಗಳು ಕಾಣುತ್ತವೆ. ಅದೇ ಕೆಸರಿಗೆ ನಗರದ ಚರಂಡಿಗಳೂ ಬಂದು ಬೀಳುತ್ತವೆ. ಬೇರೂ ಕೊಳವೆಯೂ ಒಂದೇ ಕೆಸರನ್ನು ಹಂಚಿಕೊಂಡಿರುವ ಈ ಸನ್ನಿವೇಶವೇ ನಮ್ಮ ಕುತೂಹಲದ ಮೂಲ.

ಪೊರೆಯನ್ನು ಮೊದಲು ಕಂಡವನು ಹಾಲೆಂಡಿನ ಲೇವೆನ್‌ಹುಕ್. 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ಮಸೂರದ ಕೆಳಗಿಟ್ಟು ಅಲ್ಲಿ ಓಡಾಡುವ ಜೀವಿಗಳನ್ನು ವರ್ಣಿಸಿದ. ವಿನಿಗರ್ ಹಾಕಿ ಬಾಯಿ ಮುಕ್ಕಳಿಸಿದರೆ ಪಾಚಿಯ ಹೊರಭಾಗದ ಜೀವಿಗಳು ಮಾತ್ರ ಸಾಯುತ್ತವೆ, ಒಳಗಿನವು ಬದುಕುಳಿಯುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಮುಂದಿನ ಎರಡು ಶತಮಾನಗಳಲ್ಲಿ ಈ ಮಾತಿಗೆ ಬೆಲೆ ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಾಬರ್ಟ್ ಕಾಖ್ ಮತ್ತು ಅವನ ಅನುಯಾಯಿಗಳು ಒಂದೊಂದು ಜಾತಿಯನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸುವ ಕ್ರಮವನ್ನು ರೂಢಿಸಿದರು. ರೋಗಗಳ ಕಾರಣವನ್ನು ಗುರುತಿಸುವಲ್ಲಿ ಅದರಿಂದಾದ ಉಪಕಾರ ದೊಡ್ಡದು. ಆದರೆ ಸೂಕ್ಷ್ಮಜೀವಿಯೆಂದರೆ ದ್ರವದಲ್ಲಿ ಒಂಟಿಯಾಗಿ ಈಜುವ ಪ್ರಾಣಿ ಎಂಬ ಚಿತ್ರವೂ ಅದರೊಂದಿಗೇ ಮನಸ್ಸಿನಲ್ಲಿ ಬೇರೂರಿತು. ಮಣ್ಣನ್ನು ಅಧ್ಯಯನ ಮಾಡುತ್ತಿದ್ದವರು ಮಾತ್ರ ಈ ಚಿತ್ರವನ್ನು ಪೂರ್ತಿಯಾಗಿ ಒಪ್ಪಿರಲಿಲ್ಲ. 1904ರಲ್ಲಿ ಜರ್ಮನಿಯ ಲೊರೆಂಟ್ಸ್ ಹಿಲ್ಟ್‌ನರ್ ಬೇರಿನ ಸುತ್ತಲಿನ, ಬೇರಿನ ಪ್ರಭಾವಕ್ಕೆ ಒಳಗಾದ ಮಣ್ಣಿಗೆ ‘ರೈಜೋಸ್ಫಿಯರ್’ ಎಂಬ ಹೆಸರಿಟ್ಟ. ನಾವು ಅದನ್ನು ಬೇರಾವರಣ ಎನ್ನಬಹುದು. ಇಟಲಿಯ ರೊಸ್ಸಿ, ಅನಂತರ 1930ರಲ್ಲಿ ಯುಕ್ರೇನಿನ ಖೊಲೊದ್ನಿ, ಗಾಜಿನ ಪಟ್ಟಿಗಳನ್ನು ಮಣ್ಣಿನಲ್ಲಿ ಹೂತಿಟ್ಟು ಕೆಲವು ದಿನಗಳ ಮೇಲೆ ತೆಗೆದು ನೋಡುವ ವಿಧಾನವನ್ನು ಬಳಕೆಗೆ ತಂದರು. 1933ರಲ್ಲಿ ಅಮೆರಿಕದ ಹೆನ್ರಿಸಿ ಸಿಹಿನೀರಿನಲ್ಲಿ ಇಂಥದೇ ಪಟ್ಟಿಗಳನ್ನು ಮುಳುಗಿಸಿ, ನೀರಿನ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಈಜುವವಲ್ಲ, ಅಂಟಿಕೊಂಡು ಬೆಳೆಯುವವು ಎಂದು ತೋರಿಸಿದ. 1943ರಲ್ಲಿ ಜೋಬೆಲ್ ಸಮುದ್ರದ ನೀರಿನ ಬಗ್ಗೆ ಇದನ್ನೇ ಹೇಳಿದ. 1978ರಲ್ಲಿ ಕಾಸ್ಟರ್ಟನ್ ಮತ್ತು ಸಂಗಡಿಗರು ಬರೆದ ಪ್ರಬಂಧದಿಂದ ಮುಂದಕ್ಕೆ ಇದು ಸ್ವತಂತ್ರ ಅಧ್ಯಯನ ಶಾಖೆಯಾಯಿತು. ಭೂಮಿಯ ಮೇಲಿನ ಬ್ಯಾಕ್ಟೀರಿಯ ಮತ್ತು ಆರ್ಕಿಯಗಳಲ್ಲಿ ಶೇಕಡ 40ರಿಂದ 80ರಷ್ಟು ಪೊರೆಗಳಲ್ಲಿ ವಾಸಿಸುತ್ತವೆ ಎಂಬುದು ಫ್ಲೆಮಿಂಗ್ ಮತ್ತು ವುರ್ಟ್ಸ್ 2019ರಲ್ಲಿ ಪ್ರಕಟಿಸಿದ ಅಂದಾಜು.

ಪೊರೆ ಹೇಗೆ ಕಟ್ಟುತ್ತದೆ? ಮಣ್ಣಿನಲ್ಲಿ ಎಲ್ಲೆಲ್ಲಿಯೂ ಸಿಗುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಸರಳಿನಾಕಾರದ ಬ್ಯಾಕ್ಟೀರಿಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಣಹುಲ್ಲನ್ನು ನೀರಿನಲ್ಲಿ ಕುದಿಸಿ ಆರಲು ಬಿಟ್ಟರೆ ಎರಡು ಮೂರು ದಿನಗಳಲ್ಲಿ ಮೇಲೆ ಸುಕ್ಕುಗಟ್ಟಿದ ಕೆನೆಯಂಥ ಪದರ ಕಾಣುವುದು ಬಹುಮಟ್ಟಿಗೆ ಇದರ ಕೆಲಸ. ಕುದಿಸಿದರೂ ಸಾಯದ ಬೀಜಾಣುಗಳು ಇದಕ್ಕಿವೆ. ಈಜುತ್ತಿರುವ ಜೀವಕಣವೊಂದು ಮೇಲ್ಮೈಯನ್ನು ಮುಟ್ಟುತ್ತದೆ. ಮೊದಲು ಈ ಸಂಬಂಧ ಸಡಿಲವಾದದ್ದು, ಬಿಟ್ಟು ಹೋಗಲೂಬಹುದು. ಉಳಿಯುವುದೇ ಸರಿಯೆಂದಾದಾಗ ಈಜುವ ಬಾಲಗಳನ್ನು ತಯಾರಿಸುವ ವಂಶವಾಹಿಗಳು ಮುಚ್ಚಿಕೊಂಡು, ಅಂಟನ್ನು ತಯಾರಿಸುವ ವಂಶವಾಹಿಗಳು ತೆರೆದುಕೊಳ್ಳುತ್ತವೆ. ಉದ್ದನೆಯ ಸಕ್ಕರೆಯ ಸರಪಳಿಗಳೂ ನಾರಿನಂಥ ಪ್ರೋಟೀನುಗಳೂ ಹೊರಕ್ಕೆ ಸ್ರವಿಸಿ ಜಾಲವಾಗುತ್ತವೆ. ಮೇಲ್ಭಾಗದಲ್ಲಿ ನೀರನ್ನು ಒಳಬಿಡದ ಮತ್ತೊಂದು ಪ್ರೋಟೀನಿನ ತೆಳುಹೊದಿಕೆ ಹರಡಿಕೊಳ್ಳುತ್ತದೆ. ಪೊರೆಯನ್ನು ಒಣಗಿಸಿ ತೂಗಿದರೆ ಸಾಮಾನ್ಯವಾಗಿ ಜೀವಕಣಗಳ ಪಾಲು ಹತ್ತನೆಯ ಒಂದಕ್ಕೂ ಕಡಿಮೆ. ಉಳಿದದ್ದೆಲ್ಲ ಅವು ಕಟ್ಟಿಕೊಂಡ ಮನೆ. ಆ ಮನೆಯಲ್ಲಿ ನೀರು ಹರಿಯುವ ಓಣಿಗಳಿವೆ, ಗಾಳಿ ಸಿಗುವ ಮೇಲಂತಸ್ತೂ ಸಿಗದ ನೆಲಮಾಳಿಗೆಯೂ ಇವೆ. ಕೆಲಸದ ಹಂಚಿಕೆಯೂ ಇದೆ: ಒಂದೇ ತಾಯಿಯಿಂದ ಬಂದ ಕಣಗಳಲ್ಲಿ ಕೆಲವು ಅಂಟನ್ನು ತಯಾರಿಸುತ್ತವೆ, ಕೆಲವು ಈಜುವವಾಗಿಯೇ ಉಳಿಯುತ್ತವೆ, ಕೆಲವು ಬೀಜಾಣುಗಳಾಗಿ ಮುಂದಿನ ಒಳ್ಳೆಯ ಕಾಲಕ್ಕೆ ಕಾಯುತ್ತವೆ. ಜನಸಂಖ್ಯೆ ಎಷ್ಟಾಗಿದೆ ಎಂಬುದನ್ನು ತಾವೇ ಬಿಡುವ ರಾಸಾಯನಿಕ ಸಂಕೇತಗಳಿಂದ ಅಳೆದುಕೊಳ್ಳುವ ಶಕ್ತಿ ಹಲವು ಬ್ಯಾಕ್ಟೀರಿಯಗಳಿಗಿದೆ. ಕಾಲ ಕೆಟ್ಟಾಗ ಜಾಲವನ್ನು ತಾವೇ ಕರಗಿಸಿ ಹೊರಟುಹೋಗುವುದೂ ಉಂಟು. ಇದನ್ನು ಊರು ಎಂದು ಕರೆದ ವಿಜ್ಞಾನಿಗಳಿದ್ದಾರೆ. ರೂಪಕಗಳ ಬಗ್ಗೆ ಎಚ್ಚರವಿರಬೇಕಾದ ವೃತ್ತಿ ನಮ್ಮದಾದರೂ ಇದನ್ನು ತಪ್ಪೆನ್ನಲಾರೆವು.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗ್ರಂಥಸಂಪಾದನೆ ಮಾಡಿದವರಿಗೆ ಅದು ವಿಶೇಷವಾಗಿ ಹಿಡಿಸೀತು. ಜಗತ್ತಿನ ಪ್ರಯೋಗಶಾಲೆಗಳು ಬಹುಕಾಲ ಬಳಸಿದ್ದು ಬ್ಯಾಸಿಲಸ್ ಸಬ್ಟಿಲಿಸಿನ 168 ಎಂಬ ಸಂಖ್ಯೆಯ ತಳಿಯನ್ನು. 1940ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ಷಕಿರಣ ಹಾಯಿಸಿ ಪಡೆದ ತಳಿ ಅದು. ಅಲ್ಲಿಂದ ಪ್ರತಿಯಿಂದ ಪ್ರತಿಗೆ, ಶಾಲೆಯಿಂದ ಶಾಲೆಗೆ ಅದು ಹರಡಿತು. ಚೆನ್ನಾಗಿ ಕಲಕಿದ ದ್ರವದಲ್ಲಿ ಸಮವಾಗಿ ಬೆಳೆಯುವ, ಲೋಳೆಗಟ್ಟಿ ತೊಂದರೆ ಕೊಡದ ಬ್ಯಾಕ್ಟೀರಿಯವೇ ಪ್ರಯೋಗ ಮಾಡುವವರಿಗೆ ಬೇಕಾಗಿತ್ತು. 2001ರಲ್ಲಿ ಹಾರ್ವರ್ಡಿನ ಸಂಶೋಧಕರು ಅದರ ಮೂಲದ ಕಾಡುತಳಿಯನ್ನು ಹೊರತೆಗೆದು ಬೆಳೆಸಿದಾಗ, ಪ್ರಯೋಗಶಾಲೆಯ ತಳಿ ಕಟ್ಟಲಾರದ ಎತ್ತರದ, ಸುಕ್ಕುಸುಕ್ಕಾದ ಪೊರೆಯನ್ನು ಅದು ಕಟ್ಟಿತು. ಮುಂದೆ ಹೋಲಿಸಿ ನೋಡಿದಾಗ 168ನೆಯ ತಳಿಯ ವಂಶವಾಹಿಗಳಲ್ಲಿ ಕೆಲವೇ ಕಡೆ ಬದಲಾವಣೆಗಳಾಗಿದ್ದವು, ಒಂದು ಚಿಕ್ಕ ಡಿಎನ್‌ಎ ಉಂಗುರ ಕಳೆದುಹೋಗಿತ್ತು. ಅವನ್ನು ಸರಿಪಡಿಸಿದೊಡನೆ ಪೊರೆ ಕಟ್ಟುವ ಶಕ್ತಿ ಮರಳಿ ಬಂತು. ಪ್ರತಿಕಾರನ ಕೈತಪ್ಪಿನಿಂದ ಓಲೆಗರಿಯಲ್ಲಿ ಪದ್ಯವೊಂದು ಬಿಟ್ಟುಹೋಗಿ, ಅನಂತರದ ಪ್ರತಿಗಳೆಲ್ಲ ಆ ಲೋಪವನ್ನೇ ಪಾಠವೆಂದು ನಂಬಿಕೊಂಡು ಬಂದ ಪ್ರಸಂಗಗಳನ್ನು ನಮ್ಮ ಓದುಗರು ಬಲ್ಲರು. ಪೊರೆ ಕಟ್ಟುವುದು ಬ್ಯಾಕ್ಟೀರಿಯದ ಮುಖ್ಯ ಸ್ವಭಾವವಲ್ಲ ಎಂಬ ಅಭಿಪ್ರಾಯ ಅಷ್ಟು ಕಾಲ ನಿಂತಿದ್ದಕ್ಕೆ ಇಂಥ ಪ್ರತಿದೋಷವೂ ಒಂದು ಕಾರಣ.

ಇನ್ನು ಬೇರಿನ ಕಡೆಗೆ ಬರೋಣ. ಎಲೆಯಲ್ಲಿ ತಯಾರಾದ ಇಂಗಾಲದ ಆಹಾರದಲ್ಲಿ ಗಣನೀಯ ಪಾಲನ್ನು ಗಿಡ ಬೇರಿನ ಮೂಲಕ ಮಣ್ಣಿಗೆ ಬಿಡುತ್ತದೆ. ಸಕ್ಕರೆ, ಅಮೈನೊ ಆಮ್ಲ, ಸಾವಯವ ಆಮ್ಲ, ಲೋಳೆ, ಉದುರುವ ಜೀವಕಣ ಎಲ್ಲವೂ ಅದರಲ್ಲಿ ಸೇರಿವೆ. ಹೀಗಾಗಿ ಬೇರಾವರಣದಲ್ಲಿ ಬ್ಯಾಕ್ಟೀರಿಯಗಳ ಸಂಖ್ಯೆ ಪಕ್ಕದ ಬರಿಮಣ್ಣಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಿರುತ್ತದೆ. ಆದರೆ ಬೇರು ಎಲ್ಲರಿಗೂ ಅನ್ನವಿಕ್ಕುವ ಛತ್ರವಲ್ಲ. 2008ರಲ್ಲಿ ಅಮೆರಿಕದ ಡೆಲವೇರಿನಲ್ಲಿ ನಡೆದ ಪ್ರಯೋಗದಲ್ಲಿ ಅರಬಿಡಾಪ್ಸಿಸ್ ಎಂಬ ಚಿಕ್ಕ ಗಿಡದ ಎಲೆಗೆ ರೋಗಕಾರಕವನ್ನು ಸೋಂಕಿಸಿದಾಗ, ಬೇರು ಮ್ಯಾಲಿಕ್ ಆಮ್ಲವನ್ನು ಹೆಚ್ಚಾಗಿ ಸ್ರವಿಸಿ ಬ್ಯಾಸಿಲಸ್ ಸಬ್ಟಿಲಿಸನ್ನು ತನ್ನೆಡೆಗೆ ಕರೆದುಕೊಂಡದ್ದು ಕಂಡುಬಂತು. ನೋವು ಎಲೆಯಲ್ಲಿ, ಕರೆ ಬೇರಿನಿಂದ! 2013ರಲ್ಲಿ ಪ್ರಕಟವಾದ ಇನ್ನೊಂದು ಕೆಲಸವು ಗಿಡದ ಜೀವಕಣಗಳ ಗೋಡೆಯಲ್ಲಿರುವ ಪೆಕ್ಟಿನ್, ಜೈಲಾನ್ ಮೊದಲಾದ ಸಕ್ಕರೆ ಸರಪಳಿಗಳೇ ಪೊರೆ ಕಟ್ಟಲು ಸೂಚನೆ ಕೊಡುತ್ತವೆ, ಅಷ್ಟೇ ಅಲ್ಲ, ಅವೇ ಒಡೆದು ಪೊರೆಯ ಕಚ್ಚಾವಸ್ತುವಾಗುತ್ತವೆ ಎಂದು ತೋರಿಸಿತು. ನಿವೇಶನ ಕೊಟ್ಟ ಯಜಮಾನನೇ ಇಟ್ಟಿಗೆಯನ್ನೂ ಕೊಟ್ಟಂತೆ. ಪ್ರತಿಫಲವಾಗಿ ಗಿಡಕ್ಕೆ ದೊರೆಯುವುದು ರೋಗಕಾರಕ ಬೂಷ್ಟುಗಳಿಂದ ರಕ್ಷಣೆ. ಬೇರೆ ಜಾತಿಯ ಬ್ಯಾಕ್ಟೀರಿಯಗಳಾದರೆ ಸಾರಜನಕ, ರಂಜಕ, ಬೆಳವಣಿಗೆಯ ಪ್ರಚೋದಕಗಳು.

ಕನ್ನಡ ನಾಡಿನ ಓದುಗರಿಗೆ ಹೆಚ್ಚು ಆಪ್ತವಾದ ಉದಾಹರಣೆ ರಾಗಿಯದು. ರಾಗಿಗೆ ಫ್ಯುಸೇರಿಯಮ್ ಎಂಬ ಬೂಷ್ಟಿನ ಕಾಟ ಕಡಿಮೆಯೇಕೆ ಎಂದು ಹುಡುಕಿದ ಕೆನಡದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು, ರಾಗಿಯ ಬೇರಿನೊಳಗೆ ವಾಸಿಸುವ ಎಂಟೆರೊಬ್ಯಾಕ್ಟರ್ ಕುಲದ ಬ್ಯಾಕ್ಟೀರಿಯವೊಂದನ್ನು 2016ರಲ್ಲಿ ವರ್ಣಿಸಿದರು. ಬೂಷ್ಟು ಹತ್ತಿರ ಬಂದಾಗ ಇದು ಬೇರಿನಿಂದ ಹೊರಬಂದು ಅದರತ್ತ ಧಾವಿಸುತ್ತದೆ; ಬೇರುಗೂದಲುಗಳು ಹೆಚ್ಚು ಬೆಳೆಯುವಂತೆ ಮಾಡುತ್ತದೆ; ಆ ಕೂದಲುಗಳ ನಡುನಡುವೆ ತನ್ನ ಪೊರೆಯನ್ನು ಪದರಪದರವಾಗಿ ತುಂಬಿ ಒಂದು ಬೇಲಿಯನ್ನೇ ಕಟ್ಟುತ್ತದೆ. ಬೂಷ್ಟಿನ ಎಳೆಗಳು ಆ ಬೇಲಿಯಲ್ಲಿ ಸಿಕ್ಕಿ ನಾಶವಾಗುತ್ತವೆ. ಮುಳ್ಳುಬೇಲಿಗೆ ಮಣ್ಣು ಮೆತ್ತಿದ ಹಾಗೆ, ಗಿಡದ ಕೂದಲು ಮತ್ತು ಬ್ಯಾಕ್ಟೀರಿಯದ ಅಂಟು ಎರಡೂ ಸೇರಿ ಆದ ರಚನೆ ಇದು. ಪೊಟ್ಟಣದಲ್ಲಿ ಮಾರುವ ಜೈವಿಕ ಗೊಬ್ಬರಗಳು ಒಂದು ಹೊಲದಲ್ಲಿ ಫಲ ಕೊಟ್ಟು ಇನ್ನೊಂದು ಹೊಲದಲ್ಲಿ ಸೋಲುವುದಕ್ಕೂ ಇದರಿಂದ ವಿವರಣೆ ಸಿಗುತ್ತದೆ. ಪೊಟ್ಟಣದಲ್ಲಿ ಎಷ್ಟು ಕೋಟಿ ಜೀವಕಣಗಳಿವೆ ಎಂಬುದಷ್ಟೇ ಮುಖ್ಯವಲ್ಲ. ಮೊದಲೇ ನೆಲೆಯೂರಿದವರ ನಡುವೆ ಬೇರಿನ ಮೇಲೆ ಅವಕ್ಕೆ ಜಾಗ ಸಿಕ್ಕಿತೇ ಎಂಬುದು ಮುಖ್ಯ.

ಮಲಾಡಿನ ತಿವರದ ಬೇರಿನ ಪರಿಸ್ಥಿತಿ ರಾಗಿಯ ಹೊಲಕ್ಕಿಂತ ಕಠಿಣ. ಕೆಸರಿನಲ್ಲಿ ಕೆಲವು ಮಿಲಿಮೀಟರು ಕೆಳಗಿಳಿದರೆ ಆಮ್ಲಜನಕವಿಲ್ಲ. ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುವುದರಿಂದ, ಆಮ್ಲಜನಕದ ಬದಲು ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಗಳಿಗೆ ಅಲ್ಲಿ ಸುಗ್ಗಿ. ಅವು ಬಿಡುವ ಹೈಡ್ರೋಜನ್ ಸಲ್ಫೈಡಿನಿಂದಲೇ ಖಾರಿಯ ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುವುದು. ಈ ಅನಿಲ ಬೇರಿಗೆ ವಿಷ. ಉಸಿರುಬೇರುಗಳ ಮೂಲಕ ಒಳಗೆಳೆದುಕೊಂಡ ಆಮ್ಲಜನಕದಲ್ಲಿ ಸ್ವಲ್ಪ ಭಾಗವನ್ನು ಮರವು ಕೆಸರಿನೊಳಗಿನ ಎಳೆಬೇರುಗಳ ಸುತ್ತ ಸೋರಲು ಬಿಡುತ್ತದೆ. ಆ ತೆಳುವಾದ ಅಂಚಿನಲ್ಲಿ ಕಬ್ಬಿಣ ತುಕ್ಕಾಗಿ ಬೇರಿಗೆ ಕೆಂಪು ಲೇಪ ಕಟ್ಟುತ್ತದೆ. ಸಲ್ಫೈಡನ್ನು ಉತ್ಕರ್ಷಿಸಿ ನಿರಪಾಯಗೊಳಿಸುವ ಬ್ಯಾಕ್ಟೀರಿಯಗಳಿಗೂ ಅಲ್ಲಿಯೇ ನೆಲೆ ಸಿಗುತ್ತದೆ. ಸಾರಜನಕದ ಬಡತನವನ್ನು ನೀಗಿಸುವವರೂ ಪೊರೆಯಲ್ಲಿದ್ದಾರೆ. ಮೆಕ್ಸಿಕೋದಲ್ಲಿ ಯೋವ್ ಬಾಷಾನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಮ್ಮ ತಿವರದ ದಾಯಾದಿಯಾದ ಅವಿಸೆನ್ನಿಯ ಜೆರ್ಮಿನಾನ್ಸಿನ ಸಸಿಗಳ ಬೇರಿಗೆ ಮೈಕ್ರೊಕೋಲಿಯಸ್ ಎಂಬ ಎಳೆಯಾಕಾರದ ನೀಲಿಹಸಿರು ಬ್ಯಾಕ್ಟೀರಿಯವನ್ನು ಸೇರಿಸಿದಾಗ, ಅದು ಲೋಳೆಯ ಹೊದಿಕೆಯೊಡನೆ ಬೇರನ್ನು ಆವರಿಸಿತು ಮತ್ತು ಸಾರಜನಕದ ಸ್ಥಿರೀಕರಣ ಹೆಚ್ಚಿತು. ಮುಂಬಯಿಯ ಉಚ್ಚ ನ್ಯಾಯಾಲಯ 2005ರಲ್ಲಿ ಕಾಂಡ್ಲಾವನಗಳ ನಾಶವನ್ನು ತಡೆಯುವ ಆದೇಶವಿತ್ತು 2018ರಲ್ಲಿ ಅಂತಿಮ ತೀರ್ಪನ್ನು ನೀಡಿತು. ಕಾನೂನಿನ ರಕ್ಷಣೆ ಸಿಕ್ಕಿರುವುದು ಕಣ್ಣಿಗೆ ಕಾಣುವ ಮರಕ್ಕೆ. ಹೊಸದಾಗಿ ನೆಟ್ಟ ಸಸಿ ಬದುಕುವುದೋ ಇಲ್ಲವೋ ಎಂಬುದರಲ್ಲಿ ಕಣ್ಣಿಗೆ ಕಾಣದ ಈ ಪೊರೆಗೂ ಪಾಲಿದೆ ಎಂಬುದನ್ನು ಸಸಿ ನೆಡುವ ಯೋಜನೆಗಳು ನೆನಪಿಡುವುದು ಒಳ್ಳೆಯದು.

ಅದೇ ಸಲ್ಫೇಟ್ ಬಳಸುವ ಬಳಗ ಕೊಳವೆಯೊಳಗೆ ಏನು ಮಾಡುತ್ತದೆಂದು ಈಗ ನೋಡಬೇಕು. ಕಾಂಕ್ರೀಟಿನ ಚರಂಡಿಕೊಳವೆಯಲ್ಲಿ ನೀರಿನ ಮಟ್ಟದ ಕೆಳಗೆ ದಪ್ಪನೆಯ ಲೋಳೆಯ ಪೊರೆ ಕಟ್ಟಿಕೊಳ್ಳುತ್ತದೆ. ಅದರ ಒಳಪದರಗಳಿಗೆ ಆಮ್ಲಜನಕ ತಲುಪುವುದಿಲ್ಲ; ಅಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ನೀರಿನಿಂದ ಮೇಲೆದ್ದು ಕೊಳವೆಯ ಚಾವಣಿಯ ತೇವದಲ್ಲಿ ಕರಗುತ್ತದೆ. ಚಾವಣಿಯಲ್ಲಿ ಇನ್ನೊಂದು ಪೊರೆ ಇದೆ, ಗಾಳಿಯನ್ನು ಬಳಸುವವರದು. ಅವು ಈ ಅನಿಲವನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲಕ್ಕೆ ಸಿಕ್ಕಿದ ಸಿಮೆಂಟಿನ ಸುಣ್ಣ ಜಿಪ್ಸಮ್ ಆಗಿ ಪುಡಿಪುಡಿಯಾಗಿ ಉದುರುತ್ತದೆ. ಕೊಳವೆ ತಳದಲ್ಲಿ ಸವೆಯದೆ ನೆತ್ತಿಯಲ್ಲಿ ಸವೆದು ಕುಸಿಯುವ ಈ ವಿಚಿತ್ರದ ಹಿಂದೆ ಬ್ಯಾಕ್ಟೀರಿಯದ ಕೈವಾಡವಿದೆಯೆಂದು 1945ರಲ್ಲಿ ತೋರಿಸಿದವರು ಮೆಲ್ಬರ್ನಿನ ಪಾರ್ಕರ್. ಆಮ್ಲ ತಯಾರಿಸುವ ಈ ಗುಂಪಿನ ಮುಖ್ಯ ಸದಸ್ಯನನ್ನು ವಾಕ್ಸ್‌ಮನ್ ಮತ್ತು ಜಾಫೆ ಎಂಬವರು 1922ರಲ್ಲೇ ಗಂಧಕ ಬೆರೆಸಿದ ಮಣ್ಣಿನ ಗೊಬ್ಬರದಿಂದ ಬೇರ್ಪಡಿಸಿದ್ದರು. ವಾಕ್ಸ್‌ಮನ್ ಮುಂದೆ ಸ್ಟ್ರೆಪ್ಟೊಮೈಸಿನ್ನಿಗಾಗಿ 1952ರಲ್ಲಿ ನೊಬೆಲ್ ಪಡೆದವರು. ಗದ್ದೆಯ ರಂಜಕವನ್ನು ಕರಗಿಸಿ ಬೇರಿಗೆ ಒದಗಿಸಲು ನೆರವಾಗುವ ಬ್ಯಾಕ್ಟೀರಿಯವೇ ಚರಂಡಿಯ ನೆತ್ತಿಯನ್ನು ತಿನ್ನುತ್ತದೆ. ತಿವರದ ಬೇರಿನ ಅಂಚಿನಲ್ಲಿ ಸಲ್ಫೈಡಿನ ವಿಷವನ್ನು ಇಳಿಸುವ ಉತ್ಕರ್ಷಣ ಕ್ರಿಯೆಯೂ ಕೊಳವೆಯ ನೆತ್ತಿಯಲ್ಲಿ ಆಮ್ಲವನ್ನು ಹುಟ್ಟಿಸುವ ಕ್ರಿಯೆಯೂ ರಸಾಯನಶಾಸ್ತ್ರದಲ್ಲಿ ಒಂದೇ ಬಗೆಯವು. ವ್ಯತ್ಯಾಸವಿರುವುದು ಹುಟ್ಟಿದ ಆಮ್ಲವನ್ನು ತೊಳೆದುಕೊಂಡು ಹೋಗಲು ಭರತದ ನೀರು ಇದೆಯೇ ಇಲ್ಲವೇ, ಕೆಳಗಿರುವುದು ಜೀವಂತ ಬೇರೇ ಸುಣ್ಣದ ಗೋಡೆಯೇ ಎಂಬುದರಲ್ಲಿ. ಹನಿ ನೀರಾವರಿಯ ಪ್ಲಾಸ್ಟಿಕ್ ಕೊಳವೆಗಳ ರಂಧ್ರಗಳು ಲೋಳೆಗಟ್ಟಿ ಮುಚ್ಚುವುದನ್ನು ಕಂಡ ವಿಜಯಪುರ, ಚಿತ್ರದುರ್ಗಗಳ ರೈತರಿಗೂ ಕೊಳವೆಯ ಪೊರೆ ಹೊಸದಲ್ಲ; ಬೇರಿನ ಬಳಿಗೆ ಹೋಗಬೇಕಾದದ್ದು ದಾರಿಯಲ್ಲಿಯೇ ಮನೆ ಮಾಡಿಕೊಂಡಿದೆಯಷ್ಟೆ.

ಕೃತಕ ಮೇಲ್ಮೈಯ ಪೊರೆ ಯಾವಾಗಲೂ ಶತ್ರುವೇ ಎಂದು ತಿಳಿಯಬಾರದು. 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬವರು ಮರಳೂ ಸುಣ್ಣಕಲ್ಲೂ ತುಂಬಿದ ಕೊಳವೆಯ ಮೂಲಕ ಕೊಳಚೆ ನೀರನ್ನು ಮೆಲ್ಲಗೆ ಹಾಯಿಸಿದರು. ಇಪ್ಪತ್ತು ದಿನಗಳವರೆಗೆ ಏನೂ ಆಗಲಿಲ್ಲ; ಆಮೇಲೆ ಅಮೋನಿಯ ಮಾಯವಾಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರಮ್ಮಿನ ಆವಿ ಹಾಯಿಸಿದೊಡನೆ ಅದು ನಿಂತಿತು. ಆ ಇಪ್ಪತ್ತು ದಿನಗಳು ಮರಳಿನ ಕಣಗಳ ಮೇಲೆ ಪೊರೆ ಕಟ್ಟಿಕೊಳ್ಳಲು ಹಿಡಿದ ಕಾಲ ಎಂಬುದು ಈಗ ನಮಗೆ ಸ್ಪಷ್ಟ. 1890ರ ದಶಕದಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್ ಪಟ್ಟಣದಲ್ಲಿ ಕಲ್ಲುಹಾಸಿನ ಮೇಲೆ ಕೊಳಚೆಯನ್ನು ಸಿಂಪಡಿಸಿ ಶುದ್ಧಗೊಳಿಸುವ ಪದ್ಧತಿ ಬಳಕೆಗೆ ಬಂತು. 1980ರ ದಶಕದ ಕೊನೆಯಲ್ಲಿ ನಾರ್ವೆಯವರು ಕಲ್ಲಿನ ಬದಲು ನೀರಿನಲ್ಲಿ ತೇಲಾಡುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಬಳಸಿದರು. ಬಿಲ್ಲೆಯ ಒಳಮೈ ಪೊರೆಗೆ ಆಶ್ರಯ. ಹೊರಮೈ ಒಂದಕ್ಕೊಂದು ಉಜ್ಜಿಕೊಂಡು ಹೆಚ್ಚಾದದ್ದು ಕಳಚಿಬೀಳುತ್ತದೆ. ಪೊರೆ ಕಳಚುವುದೂ ಒಂದು ಕೆಲಸವೇ ಎಂಬುದನ್ನು ಗಮನಿಸಬೇಕು. ದಪ್ಪವಾದ ಪೊರೆಯ ಬುಡಕ್ಕೆ ಉಸಿರು ಸಿಗದೆ ಅದು ಕೊಳೆಯುತ್ತದೆ.

ಮಲಾಡಿನ ಕೊಳಚೆನೀರಿಗೆ ಬಹುಕಾಲ ಸಿಗುತ್ತಿದ್ದದ್ದು ಕಸ ಸೋಸಿ ಮರಳನ್ನು ಇಳಿಸುವ ಆರಂಭಿಕ ಸಂಸ್ಕರಣೆ ಮಾತ್ರ. ಅನಂತರ ಅದು ಖಾರಿಗೆ ಸೇರುತ್ತಿತ್ತು. ಅಂದರೆ ಬ್ಯಾಕ್ಟೀರಿಯಗಳು ಕಟ್ಟಡದೊಳಗೆ ಮಾಡಬೇಕಾಗಿದ್ದ ಕೆಲಸವನ್ನು ಖಾರಿಯ ಕೆಸರೂ ಬೇರುಗಳೂ ಸಂಬಳವಿಲ್ಲದೆ ಮಾಡುತ್ತಿದ್ದವು. 2023ರ ಜನವರಿ 19ರಂದು ಮುಂಬಯಿಯ ಏಳು ಹೊಸ ಸಂಸ್ಕರಣಾ ಕೇಂದ್ರಗಳಿಗೆ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದರು. ಅವುಗಳಲ್ಲಿ ಮಲಾಡಿನದೂ ಒಂದು, ದಿನಕ್ಕೆ 45.4 ಕೋಟಿ ಲೀಟರು ಸಾಮರ್ಥ್ಯಕ್ಕೆ ಯೋಜಿಸಿದ್ದು. ಖಾರಿಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಕೊಳಚೆ ಹೆಚ್ಚಾದಾಗ ಕೆಸರಿನ ಮೇಲಿನ ಪೊರೆಗಳು ದಪ್ಪವಾಗಿ ಬೆಳೆದು ಇದ್ದ ಆಮ್ಲಜನಕವನ್ನೂ ಮುಗಿಸುತ್ತವೆ. ಸಲ್ಫೈಡ್ ಮೇಲ್ಮೈಗೆ ಇನ್ನೂ ಹತ್ತಿರವಾಗುತ್ತದೆ. ಬೇರು ಸೋರಿಸುವ ಸ್ವಲ್ಪ ಆಮ್ಲಜನಕದಿಂದ ಉಳಿದಿದ್ದ ಆ ಕೆಂಪು ಅಂಚು ಕಿರಿದಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಪೊರೆಯಲ್ಲಿ ಜೀವಕಣಗಳು ಒತ್ತೊತ್ತಾಗಿರುವುದರಿಂದ ಔಷಧಿಗಳನ್ನು ಎದುರಿಸುವ ವಂಶವಾಹಿಗಳು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ. ಆಸ್ಪತ್ರೆ ಮತ್ತು ಮನೆಗಳ ಕೊಳಚೆಯೊಡನೆ ಬಂದ ಕರುಳಿನ ಬ್ಯಾಕ್ಟೀರಿಯಗಳೂ ಖಾರಿಯ ಮಣ್ಣಿನ ನಿವಾಸಿಗಳೂ ಒಂದೇ ಪೊರೆಯಲ್ಲಿ ಸಂಧಿಸುವುದು ಆ ಕಾರಣಕ್ಕೆ ಒಳ್ಳೆಯದಲ್ಲ. ನೀರಿನ ಗುಣವನ್ನು ಅಳೆಯುವಾಗ ಸಾಮಾನ್ಯವಾಗಿ ಪರೀಕ್ಷಿಸುವುದು ಬಾಟಲಿಯಲ್ಲಿ ತುಂಬಿದ ನೀರನ್ನು, ಎಂದರೆ ತೇಲುವವರನ್ನು. ಕೆಸರಿಗೂ ಬೇರಿಗೂ ಅಂಟಿಕೊಂಡ ನಿವಾಸಿಗಳ ಜನಗಣತಿ ಅದರಲ್ಲಿ ಸೇರುವುದಿಲ್ಲ. ಮಲಾಡಿನಲ್ಲಿ ಹೊಸ ಕೇಂದ್ರದಿಂದ ಖಾರಿ ಎಷ್ಟು ಸುಧಾರಿಸಿತೆಂದು ತಿಳಿಯಬೇಕಾದರೆ ತಿವರದ ಬೇರಿನ ಪೊರೆಯನ್ನೇ ಮೊದಲೂ ಆಮೇಲೂ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಮುಂಬಯಿಯ ಸಂಶೋಧಕರಲ್ಲಿ ಯಾರಾದರೂ ಈ ಕೆಲಸಕ್ಕೆ ತೊಡಗಿದರೆ ಸಂತೋಷ.

ಬಂಡೆಯ ಪೊರೆಯ ಬಗ್ಗೆ ಹೇಳದೆ ಮುಗಿಸಿದರೆ ನಮ್ಮ ಓದುಗರಲ್ಲಿ ಶಾಸನಗಳ ಅಧ್ಯಯನ ಮಾಡುವವರಿಗೆ ಅನ್ಯಾಯವಾದೀತು. ಮಲಾಡಿನ ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅದರೊಳಗೆ ಕಾನ್ಹೇರಿಯ ಬೌದ್ಧ ಗುಹೆಗಳು. ಅಲ್ಲಿನ ಒಂಬತ್ತನೆಯ ಶತಮಾನದ ಮೂರು ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನೂ ಅವನ ಸಾಮಂತರಾದ ಶಿಲಾಹಾರರನ್ನೂ ಹೆಸರಿಸುತ್ತವೆ. ‘ಕವಿರಾಜಮಾರ್ಗ’ದ ನೃಪತುಂಗನ ಹೆಸರು ಮಲಾಡಿನ ಬೆಟ್ಟದ ಮಗ್ಗುಲಲ್ಲಿ ಕಲ್ಲಿನ ಮೇಲಿದೆ ಎಂಬುದು ಹೊರನಾಡಿನ ಕನ್ನಡಿಗರಿಗೆ ಹೆಮ್ಮೆಯ ವಿಷಯ. ಮುಂಗಾರಿನಲ್ಲಿ ನೆನೆಯುವ ಇಂಥ ಬಂಡೆಗಳ ಮೇಲೆ ನೀಲಿಹಸಿರು ಬ್ಯಾಕ್ಟೀರಿಯಗಳು ಮೊದಲು ನೆಲೆಯೂರುತ್ತವೆ. ಗಾಳಿಯಲ್ಲಿ ಬಂದ ಮಣ್ಣಿನ ಧೂಳು ಅದರ ಅಂಟಿಗೆ ಹಿಡಿದುಕೊಳ್ಳುತ್ತದೆ. ಹಿಂದೆಯೇ ಮಣ್ಣಿನ ಬ್ಯಾಕ್ಟೀರಿಯಗಳೂ ಬೂಷ್ಟುಗಳೂ ಬರುತ್ತವೆ. ಅವು ಬಿಡುವ ಆಮ್ಲಗಳು ಕಲ್ಲಿನ ಖನಿಜಗಳನ್ನು ಸಡಿಲಿಸುತ್ತವೆ. ಪೊರೆ ನೆನೆದು ಉಬ್ಬಿ, ಒಣಗಿ ಕುಗ್ಗುವಾಗ ಅಕ್ಷರದ ಅಂಚು ಕಣಕಣವಾಗಿ ಕಿತ್ತುಬರುತ್ತದೆ. ಹಾಗೆಂದು ಕ್ಷೇತ್ರಕಾರ್ಯದಲ್ಲಿ ತಂತಿಯ ಕುಂಚದಿಂದಲೋ ಆಮ್ಲದಿಂದಲೋ ಉಜ್ಜುವುದು ರೋಗಕ್ಕಿಂತ ಕೆಟ್ಟ ಮದ್ದು. ಸಡಿಲಗೊಂಡ ಕಲ್ಲನ್ನು ಆ ಕ್ಷಣ ಹಿಡಿದಿಟ್ಟಿರುವುದೂ ಕೆಲವು ಕಡೆ ಆ ಪೊರೆಯೇ. ನಾವೂ ತಾರುಣ್ಯದಲ್ಲಿ ಅವಸರದಿಂದ ಉಜ್ಜಿದವರೇ ಎಂಬುದನ್ನು ಒಪ್ಪಿಕೊಳ್ಳಬೇಕು; ಓದಲೆಂದು ತೊಳೆದ ಒಂದು ವೀರಗಲ್ಲಿನ ಎರಡು ಅಕ್ಷರಗಳು ನಮ್ಮ ಕೈಯಲ್ಲಿಯೇ ಹೋದವು. ಸ್ಪೇನಿನ ಗ್ರನಾಡದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮಿಕ್ಸೊಕಾಕಸ್ ಎಂಬ ಮಣ್ಣಿನ ಬ್ಯಾಕ್ಟೀರಿಯವನ್ನೇ ಬಳಸಿ ಸವೆದ ಸುಣ್ಣಕಲ್ಲಿನ ರಂಧ್ರಗಳಲ್ಲಿ ಹೊಸ ಸುಣ್ಣದ ಹರಳುಗಳನ್ನು ಬೆಳೆಸಿ ಕಲ್ಲನ್ನು ಗಟ್ಟಿಗೊಳಿಸಿದ್ದಾರೆ. ಕಾನ್ಹೇರಿಯ ಕಲ್ಲು ಜ್ವಾಲಾಮುಖಿಯಿಂದಾದದ್ದು, ಸುಣ್ಣದ್ದಲ್ಲ. ಆದ್ದರಿಂದ ಈ ಚಿಕಿತ್ಸೆಯನ್ನು ಹಾಗೆಯೇ ಅಲ್ಲಿಗೆ ತರುವಂತಿಲ್ಲ.

ಖೊಲೊದ್ನಿಯ ಗಾಜುಪಟ್ಟಿಯ ವಿಧಾನವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಮಲಾಡಿನಲ್ಲಿರುವ ಮಿತ್ರರೊಬ್ಬರ ಮನೆಯ ಕಿಟಕಿಯಲ್ಲಿ ರಾಗಿ ಬಿತ್ತಿದ ಕುಂಡವೊಂದಿತ್ತು. ಸೂಕ್ಷ್ಮದರ್ಶಕಕ್ಕೆ ಬಳಸುವ ಒಂದು ಗಾಜುಪಟ್ಟಿಯನ್ನು ಬೇರುಗಳ ನಡುವೆ ನೆಟ್ಟಗೆ ಹೂತು, ಇನ್ನೊಂದನ್ನು ಅದೇ ಮಣ್ಣಿರುವ ಗಿಡವಿಲ್ಲದ ಕುಂಡದಲ್ಲಿ ಹೂತು, ಮೂರನೆಯದನ್ನು ಕುಂಡದ ಕೆಳಗೆ ನೀರು ನಿಲ್ಲುವ ತಟ್ಟೆಯಲ್ಲಿ ಮುಳುಗಿಸಿಟ್ಟೆವು. ಹತ್ತು ದಿನಗಳ ಮೇಲೆ ತೆಗೆದು, ಒಂದು ಮಗ್ಗುಲನ್ನು ಒರೆಸಿ, ಇನ್ನೊಂದನ್ನು ಆರಲು ಬಿಟ್ಟು, ಮೆಲ್ಲಗೆ ತೊಳೆದು, ನೇರಳೆ ಬಣ್ಣ ಹಾಕಿ, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಗಿಡವಿಲ್ಲದ ಕುಂಡದ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಗುಂಪು. ನಡುವೆ ವಿಶಾಲವಾದ ಬಯಲು. ತಟ್ಟೆಯ ಪಟ್ಟಿಯ ಮೇಲೆ ಗಾಜು ಕಾಣದಂತೆ ಒಂದೇ ಸಮನೆ ಹರಡಿದ ಹಚ್ಚಡ. ಬೇರುಗಳ ನಡುವಿನ ಪಟ್ಟಿಯಲ್ಲಿ ಮಾತ್ರ, ರಾಗಿಯ ಬೇರುಗೂದಲೊಂದು ಗಾಜಿಗೆ ಒರಗಿ ಬೆಳೆದು ಹೋದ ದಾರಿಯುದ್ದಕ್ಕೂ, ಕೂದಲು ಕಿತ್ತುಬಂದ ಮೇಲೂ ಅದರ ಅಚ್ಚನ್ನು ಉಳಿಸಿಕೊಂಡು, ಎರಡು ಬದಿಯಲ್ಲಿ ನೇರಳೆ ಸಾಲುಗಳಾಗಿ ಅವು ನಿಂತಿದ್ದವು.